ತೋಳ ಓಗೊಟ್ಟದ್ದು ಯಾರಿಗೆ?

ಈ ಭೂಮಿ ಮೇಲಿರೋ ಅಷ್ಟೂ ತೋಳಗಳನ್ನು ನಿಂತ ನಿಲುವಿನಲ್ಲಿ ಎಣಿಸಿದವನು ನಾನೊಬ್ಬನೇ. ಸುಳ್ಳು ಬಿಡಿ. ನಾನು ತೋಳ ಕಂಡಿದ್ದು ಫೋಟೋದಲ್ಲಿ, ಅದೂ ಭಾವನ ಮೇಜಿನ ಮೇಲೆ. ಆದರೆ ಭಾವನಿಗೆ ಆದದ್ದು ನಿಜ, ಕೇಳಿ.

ಭಾವ ತೋಳಗಳ ಸಂಶೋಧಕ. ರಾತ್ರಿ ಬಯಲಿಗೆ ಹೋಗಿ ತೋಳದ ಹಾಗೇ ಊಳಿಡೋದು. ಆಮೇಲೆ ಎರಡು ನಿಮಿಷ ಉಸಿರು ಬಿಗಿಹಿಡಿದು ನಿಲ್ಲೋದು. ತೋಳಗಳು ಓಗೊಟ್ಟರೆ ದನಿ ಎಣಿಸಿ ಬರೆದುಕೊಳ್ಳೋದು. ನಗಬೇಡಿ, ಇದಕ್ಕೆ ಡಾಕ್ಟರೇಟ್ ಕೊಡ್ತಾರೆ.

ಒಂಬತ್ತು ವರ್ಷ ಊಳಿಟ್ಟವನು ಅವರ ಜೊತೆಗಾರ. ಎಲ್ಲರೂ ಕಂಠ ಅಂತಲೇ ಕರೀತಿದ್ದರು. ಭಾವ ಬರೆದುಕೊಳ್ಳೋರು. ಕಂಠ ಬಾಯಿ ತೆಗೆದರೆ ಗುಡ್ಡಕ್ಕೆ ಗುಡ್ಡವೇ ಮಾತಾಡೋದು. ಭಾವ ಊಳಿಟ್ಟರೆ ಒಂದು ನರಿಯೂ ತಿರುಗಿ ನೋಡ್ತಿರಲಿಲ್ಲ.

“ನಿನ್ನ ಕೈಬರಹ ಮುತ್ತಿನಂತಿದೆ, ಸಾಕು ಬಿಡಪ್ಪ,” ಅಂತಿದ್ದ ಕಂಠ. ಭಾವನ ಹೊಟ್ಟೆಗೆ ಬೆಂಕಿ ಬೀಳೋದು.

ಹೋದ ವರ್ಷ ಕಂಠ ಜ್ವರದಲ್ಲಿ ಹೋಗಿಬಿಟ್ಟ. ಭಾವ ಅತ್ತರು. ಕಣ್ಣೊರೆಸಿಕೊಂಡ ಮೇಲೆ, ಇನ್ನು ಊಳಿಡೋದು ನಾನೇ ಅಂತ ಒಳಗೊಳಗೇ ಹಿಗ್ಗಿದರು. ಆದರೆ ತೋಳಗಳು ಬಾಯಿ ಬಿಡಬೇಕಲ್ಲ? ಇಪ್ಪತ್ತು ರಾತ್ರಿ ಮೌನ. ಗಡುವಿಗೆ ಉಳಿದದ್ದು ಒಂದೇ ರಾತ್ರಿ, ಅದೂ ಹೀಗೇ ಆದರೆ ಆ ಅಧ್ಯಯನ ಬೇರೆಯವರ ಪಾಲು.

ಆ ಕೊನೇ ರಾತ್ರಿ ಜೀಪು ಕೆಟ್ಟಿತು. ಭಾವ, ಡ್ರೈವರ್ ಇಬ್ಬರೇ ಕ್ಯಾಂಪಿಗೆ ನಡೆದು ಬರ್ತಿದ್ದಾರೆ. ದಾರಿಯಲ್ಲೊಂದು ಪಾಳುಬಾವಿ. ರಾಟೆ ಕಿರ್... ಕಿರ್... ಅಂತಿತ್ತು. ಗಾಳಿ ಇರಲಿಲ್ಲ.

“ಬೇಗ ನಡೀರಿ ಸಾರ್,” ಡ್ರೈವರ್ ಪಿಸುಗುಟ್ಟಿದ. “ಕಂಠ ಸಾರ್ ಯಾವಾಗಲೂ ಇಲ್ಲೇ ಊಳಿಡ್ತಿದ್ದದ್ದು...”

“ಗೊತ್ತು. ಅದಕ್ಕೇ ನಿಂತಿದ್ದು.”

ರೆಕಾರ್ಡರ್ ಒತ್ತಿದರು. ಟಿಕ್. ಬಾವಿಕಟ್ಟೆ ಹತ್ತಿ, ಒಂಬತ್ತು ವರ್ಷದ ಕಿಚ್ಚೆಲ್ಲ ಕೂಡಿಸಿ ಊಳಿಟ್ಟರು.

ಒಂದು ನಿಮಿಷ... ಒಂದೂವರೆ...

ಗುಡ್ಡದ ಮೇಲಿಂದ ಒಂದು ದನಿ ಎದ್ದಿತು. ಅದರ ಮೇಲೆ ಇನ್ನೊಂದು, ಸಣ್ಣದು. ಮೂರು... ನಾಲ್ಕು. ಭಾವನ ಕಣ್ಣು ತುಂಬಿತು. ಟಾರ್ಚ್ ಬೆಳಕಲ್ಲಿ ಬರೆದರು: ಓಗೊಟ್ಟ ತೋಳ ನಾಲ್ಕು. ಊಳಿಟ್ಟವರು ಅನ್ನೋ ಕಡೆ ತಮ್ಮ ಹೆಸರು, ಕೆಳಗೆ ಎರಡು ಗೆರೆ.

“ಕೇಳಿದೆಯೇನಯ್ಯ? ನನ್ನ ದನಿಗೆ ಓಗೊಟ್ಟವು.”

ಡ್ರೈವರ್ ಬಾವಿ ಕಡೆ ನೋಡಿದ. “ನೀವು ಬಾಯಿ ತೆಗೆದದ್ದು ನೋಡಿದೆ ಸಾರ್... ದನಿ ನಿಮ್ಮ ಹಿಂದಿಂದ ಬಂತು.”

“ನಿನಗೂ ಹೊಟ್ಟೆಕಿಚ್ಚಾ?”

ಕ್ಯಾಂಪಿನಲ್ಲಿ ಚಿಲಕ ಹಾಕಿಕೊಂಡು ರೆಕಾರ್ಡರ್ ಹಚ್ಚಿದರು. ಟಿಕ್. ಊಳು ಶುರುವಾಯಿತು. ಅದು ಭಾವನ ದನಿಯಲ್ಲ. ಒಂಬತ್ತು ವರ್ಷ ಪಕ್ಕದಲ್ಲೇ ನಿಂತು ಕೇಳಿದ್ದು ಮರೆತೀತೇ? ಕಂಠನದೇ. ಭಾವನದು ಅಂತ ಇದ್ದದ್ದು ಏದುಸಿರು ಮಾತ್ರ. ಆಮೇಲೆ ತೋಳಗಳು. ಅವೂ ನಿಂತ ಮೇಲೆ, ಮೈಕಿಗೆ ತುಟಿ ಹಚ್ಚಿದಷ್ಟು ಹತ್ತಿರ, ಒಂದು ಪಿಸುಮಾತು...

“ನಾಲ್ಕಲ್ಲ... ಐದು.”

ಸತ್ತ ಮೇಲೂ ಇವನದೇ ಮೇಲುಗೈಯೇ? ಭಾವ ಹಲ್ಲು ಕಚ್ಚಿದರು. ತಿದ್ದಲಿಲ್ಲ. ತಮ್ಮ ಹೆಸರಲ್ಲಿ, ನಾಲ್ಕು ಅಂತಲೇ ವರದಿ ಕಳಿಸಿದರು. ಅಧ್ಯಯನ ಅವರಿಗೇ ಉಳಿಯಿತು.

ಮೂರು ವಾರ ಬಿಟ್ಟು, ತೋಳಗಳ ಗವಿ ಎದುರು ಕಟ್ಟಿದ್ದ ಕ್ಯಾಮೆರಾದ ಚಿತ್ರ ಬಂತು. ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ಭಾವ ಮೇಲಿಂದ ಎಣಿಸಿದರು, ಕೆಳಗಿಂದ ಎಣಿಸಿದರು. ಐದು.

ಆ ಫೋಟೋವೇ ಸ್ವಾಮಿ ನಾನು ನೋಡಿದ್ದು. ಸುಳ್ಳಾದರೆ ನನ್ನ ನಾಲಿಗೆ ಬಿದ್ದು ಹೋಗಲಿ. ಅದು ಬೀಳೋದರೊಳಗೆ ನನ್ನ ಟೀ ದುಡ್ಡು ನೀವೇ ಕೊಟ್ಟುಬಿಡಿ.