ಉತ್ತರದ ಮೂಲೆಯ ಕೆಂಪು

ಸಭೆಯ ಅಧ್ಯಕ್ಷತೆ ವಹಿಸಿರುವ ಹಾನಗಲ್ಲಿನ ಉಳಿವೆಪ್ಪ ಮಾಸ್ತರರೇ, ರೇಡಿಯೋ ಜೋಡಿಸಲು ಮುಂಬಯಿಯಿಂದ ಬಂದು, ಹದಿನೈದು ದಿನ ನಮ್ಮ ಖಾರದ ಊಟ ಉಂಡೂ ಇನ್ನೂ ನೆಟ್ಟಗೆ ಕುಳಿತಿರುವ ಎಂಜಿನಿಯರ್ ಸಾಹೇಬರೇ, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಚಕ್ಕಡಿ ಹೂಡಿಕೊಂಡು ಬಂದಿರುವ ಹತ್ತಿ ಬೆಳೆಗಾರ ಬಂಧುಗಳೇ, ತಾಯಂದಿರೇ, ಸಭಿಕರೇ, ಮತ್ತು ಈ ಚಪ್ಪರದ ಮೇಲೆಯೇ ಗಿರಕಿ ಹೊಡೆಯುತ್ತಿರುವ ನಮ್ಮ ಪೈಲಟ್ ದಿಲಾವರನೇ,

ನನಗೆ ಕಾರ್ಯದರ್ಶಿಗಳು ಐದು ನಿಮಿಷ ಕೊಟ್ಟಿದ್ದಾರೆ. ದಿಲಾವರನ ವಿಮಾನದಲ್ಲಿ ಮುಕ್ಕಾಲು ತಾಸಿನ ಪೆಟ್ರೋಲಿದೆ. ಇವೆರಡರ ನಡುವೆ ಎಲ್ಲಾದರೂ ಮುಗಿಸುತ್ತೇನೆ. ಭಾಷಣದ ಕೊನೆಗೆ ನಾನು ಮೇಜಿನ ಮೇಲಿರುವ ಈ ಪೆಟ್ಟಿಗೆಯ ಗುಂಡಿ ಒತ್ತಿ "ಇಳಿ" ಅನ್ನಬೇಕು, ಅದನ್ನು ಕೇಳಿ ಅವನು ಇಳಿಯಬೇಕು. ಇಷ್ಟೇ ಉದ್ಘಾಟನೆ. ಆಮೇಲೆ ತಟ್ಟೆಯಲ್ಲಿರುವ ಆ ಕೆಂಪು ಶಾಲು ನನ್ನ ಹೆಗಲಿಗೆ. ರೇಡಿಯೋಕ್ಕೆ ಕಡಿಮೆ ಬಿದ್ದ ಹದಿನೆಂಟು ನೂರು ರೂಪಾಯಿಯನ್ನು ಹತ್ತಿ ಬೆಳೆಗಾರರ ಸಂಘದ ಚೇರ್ಮನ್ ಹೊಳಬಸಪ್ಪನವರು, ಅಂದರೆ ನಾನು, ಉದಾರವಾಗಿ ದಾನ ಮಾಡಿದರು ಎಂದು ಆಮಂತ್ರಣ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ದಪ್ಪ ಅಕ್ಷರ ಇರಲಿ ಎಂದು ಹೇಳಿದವನೂ ನಾನೇ.

ಸಭಿಕರೇ, ನಮ್ಮ ಎಣ್ಣಿ ಹೊಡೆಯುವ ವಿಮಾನಕ್ಕೆ ನಾವು ಕೊಟ್ಟದ್ದೆಷ್ಟು? ಲಿಲಾವಿನಲ್ಲಿ ಸವಾಲು ಕೂಗಿ ಐದು ಸಾವಿರ. ಹತ್ತಿಯ ಹುಳುವಿಗೆ ಎಣ್ಣಿ ಹೊಡೆಯಲು ಅದು ಸಾಕಾಗಿತ್ತು. ಆಗ ದಿಲ್ಲಿಯಿಂದ ಹೊಸ ಕಾಯಿದೆ ಬಂತು. ಎಷ್ಟೇ ಸಣ್ಣ ವಿಮಾನವಿದ್ದರೂ ಮಾತಾಡುವ ರೇಡಿಯೋ ಇರಲೇಬೇಕು, ೧೯೬೬ರ ಮಾರ್ಚ್ ಮುಗಿಯುವುದರೊಳಗೆ ಇರಲೇಬೇಕು, ಇಲ್ಲದಿದ್ದರೆ ಹಾರುವಂತಿಲ್ಲ. ವಿಮಾನದೊಳಗಿನ ಪೆಟ್ಟಿಗೆಗೆ ಏಳು ಸಾವಿರ. ನೆಲದ ಮೇಲಿನ ಪೆಟ್ಟಿಗೆಗೆ ಮತ್ತೆ ನಾಲ್ಕು. ಸಂಘದ ವಾರ್ಷಿಕ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದೆ: "ಐದು ಸಾವಿರದ ಎತ್ತಿಗೆ ಹನ್ನೊಂದು ಸಾವಿರದ ಕೊರಳಗಂಟೆ ಕಟ್ಟಬೇಕೇ?" ನೀವು ಚಪ್ಪಾಳೆ ತಟ್ಟಿದಿರಿ. ಮರುವರ್ಷ ಅದನ್ನೇ ಕೇಳಿದೆ. ಮತ್ತೆ ತಟ್ಟಿದಿರಿ. ಚಪ್ಪಾಳೆ ರುಚಿ ಹತ್ತಿದ ಮನುಷ್ಯ ನಾನು, ಮೂರನೆಯ ಸಲವೂ ಕೇಳುವವನಿದ್ದೆ.

ರೇಡಿಯೋ ಯಾಕೆ ಬೇಕು? ನಮ್ಮ ಹತ್ತಿರ ಗುದ್ಲೆಪ್ಪನಿರಲಿಲ್ಲವೇ? ಈ ಬಯಲಿನ ಕಾವಲುಗಾರ ಗುದ್ಲೆಪ್ಪ ದಕ್ಷಿಣದ ತುದಿಯಲ್ಲಿ ಬಿಳಿ ಧೋತರ ಹಾಸಿದರೆ ಇಳಿಯಬಹುದು ಎಂದರ್ಥ. ಉತ್ತರದ ಮೂಲೆಯಲ್ಲಿ ಕೆಂಪು ಜಮಖಾನೆ ಹಾಸಿದರೆ ಇಳಿಯಬಾರದು, ಬಯಲಿನಲ್ಲಿ ದನ ಹೊಕ್ಕಿವೆ, ಇಲ್ಲವೇ ಇನ್ನೇನೋ ತೊಂದರೆಯಿದೆ ಎಂದರ್ಥ. ಎರಡೂ ಕಂಡರೆ ಕೆಂಪಿನ ಮಾತೇ ಮಾತು. ಈ ನಿಯಮ ಬರೆದವನೂ ನಾನೇ. ಧೋತರವೂ ನನ್ನದೇ, ಹಳೆಯದು.

ಇನ್ನು ಈ ಬಯಲು ನೋಡಿ. ಎಂಥ ಬಯಲು! ಒಂದು ಹರಳಿಲ್ಲ, ಒಂದು ಮುಳ್ಳಿಲ್ಲ. ಬೆಳಗಿನಿಂದ ಸಂಜೆಯ ತನಕ ಬಿಸಿಲು. ಬೇರೆ ಕಡೆ ನಾಲ್ಕು ದಿನಕ್ಕೆ ಒಣಗುವುದು ಇಲ್ಲಿ ಮೂರೇ ದಿನಕ್ಕೆ ಗಲಗಲ ಎನ್ನುತ್ತದೆ, ಬಣ್ಣವೂ ಕೆಡುವುದಿಲ್ಲ. ಬಣ್ಣ ಕೆಡದಿದ್ದರೆ ಬ್ಯಾಡಗಿ ಪೇಟೆಯಲ್ಲಿ ಚೀಲಕ್ಕೆ ಹತ್ತು ರೂಪಾಯಿ ಹೆಚ್ಚು. ಕಳೆದ ವರ್ಷವಂತೂ…

ಇರಲಿ. ಅದು ಬೇರೆ ವಿಷಯ.

ಹೆಂಗಸರ ಸಾಲಿನಲ್ಲಿ ನಮ್ಮ ಮನೆಯವರು ಸಾವಂತ್ರವ್ವನವರು ಸೆರಗನ್ನು ಬಾಯಿಗೆ ಹಿಡಿದಿದ್ದಾರೆ. ನಗುವುದಕ್ಕೆ ಹಿಡಿದದ್ದಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಅಷ್ಟು ಗೊತ್ತಾಗುತ್ತದೆ. ಗುದ್ಲೆಪ್ಪನೂ ಯಾಕೋ ನೆಲ ನೋಡುತ್ತಿದ್ದಾನೆ.

ಕಳೆದ ವರ್ಷ ಜನವರಿಯಲ್ಲಿ ಏನಾಯಿತೆಂದು ನಿಮಗೆ ಗೊತ್ತು. ದಿಲಾವರ ಹುಲಗೂರು ಕಡೆಯ ಹತ್ತಿಗೆ ಎಣ್ಣಿ ಹೊಡೆದು ತಿರುಗಿ ಬಂದ. ಕೆಳಗೆ ಬಿಳಿ ಧೋತರ ಹಾಸಿತ್ತು. ಆದರೂ ಇಳಿಯಲಿಲ್ಲ. ಬಯಲಿನ ಮೇಲೆ ಏಳು ಸುತ್ತು ಹೊಡೆದ. ಪೆಟ್ರೋಲು ಮುಗಿದು ಗೊಟಗೋಡಿ ಹತ್ತಿರ ಜೋಳದ ಹೊಲದಲ್ಲಿ ಬಿದ್ದ. ಪಂಖ ಮುರಿಯಿತು, ಅವನ ಎಡಗೈಯೂ ಮುರಿಯಿತು. ನಾವು ವಿಚಾರಣೆ ಕೂತೆವು. "ಬಿಳಿ ಕಾಣಲಿಲ್ಲವೇ?" ಎಂದು ನಾನೇ ಕೇಳಿದೆ. ಕೈಗೆ ಪಟ್ಟಿ ಕಟ್ಟಿಕೊಂಡು ನಿಂತೇ ಇದ್ದ. ಕೂರು ಎಂದು ಯಾರೂ ಅನ್ನಲಿಲ್ಲ. "ಬಿಳೀನೂ ಕಂಡಿತ್ತರಿ, ಕೆಂಪೂ ಕಂಡಿತ್ತರಿ" ಎಂದ.

ಗುದ್ಲೆಪ್ಪನ ಜಮಖಾನೆ ಮಡಚಿದ್ದು ಮಡಚಿದಂತೆ ಗುಡಿಸಲಿನಲ್ಲಿತ್ತು. ಬಯಲಿನಲ್ಲಿ ಕೆಂಪಿನ ಸುಳಿವೇ ಇರಲಿಲ್ಲ. ಹುಬ್ಬಳ್ಳಿಗೆ ಕಳಿಸಿ ಅವನ ಕಣ್ಣು ತೋರಿಸಿದೆವು. ಕಣ್ಣು ಚೊಕ್ಕವಿದೆ ಎಂದು ಡಾಕ್ಟರು ಬರೆದುಕೊಟ್ಟರು. ಕಣ್ಣು ಚೊಕ್ಕವಿದ್ದರೆ ಮಾತು ಸುಳ್ಳಿರಬೇಕು ಎಂದು ಕಮಿಟಿ ತೀರ್ಮಾನಿಸಿತು. 'ಪೈಲಟನ ನಿಷ್ಕಾಳಜಿ ಮತ್ತು ಸುಳ್ಳು ಹೇಳಿಕೆ' ಎಂದು ಠರಾವಾಯಿತು, ಮೂರು ತಿಂಗಳ ಪಗಾರ ಕಡಿತವಾಯಿತು. ಕೆಳಗೆ ನನ್ನ ಸಹಿ. ಆ ಠರಾವು ಇರುವ ತನಕ ಬೇರೆ ಯಾರೂ ಅವನಿಗೆ ವಿಮಾನ ಕೊಡುವುದಿಲ್ಲ. ಸವಣೂರಿನ ಪೇಟೆಯಲ್ಲಿ ಜನ ಅವನಿಗೆ ಹೋಗುವ ಬರುವ ಗಾಡಿ ತೋರಿಸಿ, "ದಿಲಾವರಭಾಯಿ, ಇದು ಯಾವ ಬಣ್ಣ ಹೇಳ್ರಿ?" ಎಂದು ಕೇಳತೊಡಗಿದರು.

ಒಂದು ದಿನ ಅವನ ಹೆಂಡತಿ ಮುನವ್ವರಾ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಚೇರ್ಮನ್ರ, ನಮ್ಮ ಮನ್ಯಾವರು ಸುಳ್ಳು ಹೇಳೂದಿಲ್ಲರಿ. ಕೆಂಪು ಕಂಡೈತಿ ಅಂದ್ರ ಕಂಡಿರತೈತ್ರಿ" ಎಂದಳು. ನಾನು ವಿಚಾರ ಮಾಡುತ್ತೇನೆ ಎಂದೆ. ಬರಿಗೈಯಲ್ಲಿ ಕಳಿಸಬಾರದೆಂದು ನಮ್ಮ ಮನೆಯವರು ಅವಳ ಸೆರಗಿಗೆ ಒಂದು ಸೇರು ಒಣಮೆಣಸಿನಕಾಯಿ ಹಾಕಿದರು.

ಸಭಿಕರೇ, ಅವು ಅವೇ ಮೆಣಸಿನಕಾಯಿ.

ಹೌದು. ಈ ಬಯಲಿನ ಉತ್ತರದ ಮೂಲೆಯಲ್ಲಿ ಆ ದಿನ ನಾನು ನನ್ನ ಹೊಲದ ಮೆಣಸಿನಕಾಯಿ ಒಣಗಲು ಹಾಕಿಸಿದ್ದೆ. ಬಾಡಿಗೆ ಇಲ್ಲದ ಜಾಗ, ಸಂಘದ ಜಾಗ. ನನ್ನದು ಯಾವತ್ತೂ ಅಚ್ಚುಕಟ್ಟು ಕೆಲಸ, ಮೂಲೆಗೆ ಮೂಲೆ ಕೂಡಿಸಿ ಚೌಕಾಗಿ ಹರವಿಸಿದ್ದೆ. ಗುದ್ಲೆಪ್ಪ ಬೇಡವೆಂದ. "ಸಾವ್ಕಾರ್ರ, ಇಲ್ಲಿ ಹರವಬ್ಯಾಡ್ರಿ. ಮ್ಯಾಲಿಂದ ನೋಡಿದಾಂವಗ ಜಮಖಾನಿ ಕಂಡಂಗ ಕಾಣತೈತ್ರಿ." ನಾನೇನಂದೆ ಗೊತ್ತೇ? "ಲೇ, ಮೆಣಸಿನಕಾಯಿಗೂ ಜಮಖಾನಿಗೂ ಫರಕ ತಿಳೀದಾಂವಗ ವಿಮಾನ ಯಾರ ಕೊಟ್ಟಾರ?" ಹೀಗೆಂದು ಧಾರಣಿ ವಿಚಾರಿಸಲು ಬ್ಯಾಡಗಿಗೆ ಹೋದೆ. ವಿಮಾನ ಸುತ್ತುತ್ತಲೇ ಇದ್ದಾಗ ಗುದ್ಲೆಪ್ಪ ಕೈ ಬೀಸಿದ, ಕೂಗಿದ, ಕೊನೆಗೆ ಮೆಣಸಿನಕಾಯಿಯನ್ನು ಎರಡೂ ಕೈಯಿಂದ ಬಾಚತೊಡಗಿದ. ಎಂಟು ಚೀಲದ ಮಾಲು, ಒಬ್ಬನ ಕೈಯಲ್ಲಿ ಎಷ್ಟು ಬಾಚಲಾದೀತು? ರೇಡಿಯೋ ಇದ್ದಿದ್ದರೆ ಒಂದೇ ಮಾತು ಸಾಕಿತ್ತು. ನಾನು ತಿರುಗಿ ಬಂದವನೇ ಮೊದಲು ಮಾಡಿದ್ದು ಗೊಟಗೋಡಿಗೆ ಓಡುವುದಲ್ಲ. ಆಳು ಹಚ್ಚಿ ಮಾಲು ತುಂಬಿಸಿದೆ. ಗುದ್ಲೆಪ್ಪನಿಗೆ, ಬಾಯಿ ಬಿಟ್ಟರೆ ನೌಕರಿ ಇಲ್ಲ ಎಂದೆ. ಅವನ ತಪ್ಪು ಏನೂ ಇಲ್ಲ, ಇದನ್ನೂ ಬರೆದುಕೊಳ್ಳಿ.

ಇನ್ನು ನನ್ನ ದಾನ. ಆ ಎಂಟು ಚೀಲ ಬ್ಯಾಡಗಿಯಲ್ಲಿ ಎಷ್ಟಕ್ಕೆ ಹೋದವು? ಹದಿನೆಂಟು ನೂರಕ್ಕೆ. ಒಂದು ವರ್ಷ ಆ ದುಡ್ಡು ಟ್ರಂಕಿನಲ್ಲೇ ಇತ್ತು, ಮುಟ್ಟಲು ಮನಸ್ಸಾಗಲಿಲ್ಲ. ರೇಡಿಯೋಕ್ಕೆ ಕೊಟ್ಟೆ. ಅದಕ್ಕೆ ನೀವು ಶಾಲು ತಂದಿದ್ದೀರಿ. ಸಭಿಕರೇ, ನಾನು ಚೀಟಿಯಲ್ಲಿ ಬರೆದುಕೊಂಡು ಬಂದ ಭಾಷಣದಲ್ಲಿ ಇದ್ಯಾವುದೂ ಇರಲಿಲ್ಲ. ಚೀಟಿ ಇಲ್ಲೇ ಕೈಯಲ್ಲಿದೆ. ದಿಲಾವರ ಮೇಲೆ ಸುತ್ತುತ್ತಿರುವ ಸದ್ದು ಕೇಳುತ್ತ ಅದನ್ನು ಓದಲು ನನ್ನಿಂದ ಆಗಲಿಲ್ಲ. ನನಗೆ ನಾಚಿಕೆಯಾಗಿದೆ.

ಮಾಸ್ತರರೇ, ಆ ಠರಾವನ್ನು ಈ ಸಭೆಯಲ್ಲೇ ಹೊಡೆದುಹಾಕಿಸಿ. ಮೂರು ತಿಂಗಳ ಪಗಾರ ನನ್ನ ಮನೆಯಿಂದ ಹೋಗಲಿ. ನಿಷ್ಕಾಳಜಿ, ಸುಳ್ಳು, ಎರಡೂ ಶಬ್ದ ಪುಸ್ತಕದಲ್ಲಿ ಹಾಗೆಯೇ ಇರಲಿ, ಅವುಗಳ ಮುಂದಿನ ಹೆಸರು ಮಾತ್ರ ನನ್ನದಾಗಲಿ. ಆಮೇಲೆ ಈ ಖುರ್ಚಿಗೆ ನಾನು ಬೇಕೋ ಬೇಡವೋ ನೀವೇ ಹೇಳಿ. ಗುದ್ಲೆಪ್ಪಾ, ಮೊದಲು ಆ ಶಾಲನ್ನು ಒಳಗೆ ಇಡು. ಗಾಳಿಗೆ ಹಾರಿ ಬಯಲಿಗೆ ಬಿದ್ದೀತು.

ಈಗ ಗುಂಡಿ ಒತ್ತುತ್ತೇನೆ.

"ದಿಲಾವರ, ನಾ ಹೊಳಬಸಪ್ಪ ಮಾತಾಡಾಕತ್ತೇನಿ. ಅವತ್ತ ನೀ ಕಂಡಿದ್ದು ಖರೇನ ಕೆಂಪು. ಅವು ನನ್ನ ಮೆಣಸಿನಕಾಯಿ. ನನಗ ಅವತ್ತ ಗೊತ್ತಿತ್ತು, ಹೇಳಲಿಲ್ಲ. ಇಲ್ಲಿ ಎಲ್ಲಾರ ಮುಂದ ಈಗ ಹೇಳೇನಿ. ಮುನವ್ವರಾನೂ ಕುಂತಾಳ, ಕೇಳ್ಯಾಳ. ನನ್ನಿಂದ ತಪ್ಪಾತು. ಇವತ್ತ ಕೆಳಗ ಕೆಂಪು ಏನೂ ಇಲ್ಲ. ಇಳಿ."

ಪೆಟ್ಟಿಗೆ ಕೊರ್ ಎನ್ನುತ್ತಿದೆ. ಪೆಟ್ಟಿಗೆ ಸರಿಯಿದೆ, ಅವನಿಗೆ ಕೇಳಿಸಿದೆ ಎಂದು ಎಂಜಿನಿಯರ್ ಸಾಹೇಬರು ತಲೆಯಾಡಿಸುತ್ತಿದ್ದಾರೆ. ನೋಡಿ, ಇಳಿಯದೆ ಇನ್ನೊಂದು ಸುತ್ತು ಹೊರಟ. ಹೊರಡಲಿ. ಪೆಟ್ರೋಲು ಇದೆ, ನಮಗೂ ಅವಸರವಿಲ್ಲ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡಿದ್ದಕ್ಕೆ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಅವನು ಇಳಿಯುವ ತನಕ ಯಾರೂ ಏಳಬೇಡಿ, ಕಾಯೋಣ. ಅವತ್ತು ಅವನು ಏಳು ಸುತ್ತು ಕಾದಿದ್ದಾನೆ.

ನಮಸ್ಕಾರ.