ಮುಂದಿನ ಬಂದರಿಗೆ ಹೋದ ಕೀಲು

ಪಾರ್ಸೆಲ್ ಕಚೇರಿಯ ಸಾಲಿನಲ್ಲಿ, ಹಾಯಿದೋಣಿಯಲ್ಲೇ ಸಂಸಾರ ಹೂಡಿ ಕಡಲು ಸುತ್ತುವ ಮುದಿ ದಂಪತಿಗಳು. ಅವರ ಹಿಂದೆ ನಿಂತ ಹುಡುಗಿ, ಅಜ್ಜಿಯ ಕಥೆಗೆ ಕೂತವಳಂತೆ ಮೈಯೆಲ್ಲ ಕಿವಿಯಾದಳು.

“ಚುಕ್ಕಾಣಿ ಕೀಲು ಇವತ್ತೂ ಬಂದಿಲ್ವಾ?”

“ಬಂದಿದೆಯಂತೆ ಕಣೇ. ಮಗಳ ಊರಿನ ಬಂದರಿಗೆ.”

“ಅಲ್ಲಿಗ್ಯಾಕೆ?”

“ಅಷ್ಟೊತ್ತಿಗೆ ನಾವು ಅಲ್ಲಿರ್ತೀವಿ ಅಂತ ಆ ವಿಳಾಸ ಕೊಟ್ಟಿದ್ದೆ.”

“ಕೀಲಿಲ್ಲದೆ ದೋಣಿ ಹೊರಡೋದು ಹೇಗ್ರೀ, ಮಹಾರಾಯ್ರೇ?”

ಯಜಮಾನರು ತಲೆ ಕೆರೆದುಕೊಂಡರು.

“ಮಗಳಿಗೆ ದಿನ ತುಂಬಿದೆ, ಬಸ್ಸಲ್ಲಾದ್ರೂ ಹೋಗೋಣ ಅಂತ ನಿಮ್ಗೆ ಬಡ್ಕೊಂಡೆ.”

“ಮೊಮ್ಮಗು ನೋಡೋಕೆ ಹಾಯಿ ಬಿಚ್ಚಿಕೊಂಡೇ ಹೋಗ್ಬೇಕು ಅಂತಿತ್ತು.”

“ಹುಟ್ಟೋ ಕೂಸಿಗೆ ಹಾಯಿ ಯಾವುದು, ಸೆರಗು ಯಾವುದು ಅಂತ ಏನು ಗೊತ್ತಾಗುತ್ತೆ?”

“ಸರಿ ಮಾರಾಯ್ತಿ. ಕೀಲು ತರೋಕಾದ್ರೂ ಹೋಗ್ಲೇಬೇಕಲ್ಲ.”

“ಹಾಗೇ ಅಂದ್ಕೊಂಡು ಬಸ್ ಹತ್ತಿ,” ಎಂದು ಆಕೆ ನಗುತ್ತ, ಗಂಡನ ತೋಳು ಹಿಡಿದು ಸಾಲಿನಿಂದ ಎಳೆದುಕೊಂಡೇ ಹೊರಟರು.