ಬಿಡಿಸದೆ ಉಳಿದ ದಡ

ಎಲ್ಲರಿಗೂ ನಮಸ್ಕಾರ. ವತ್ಸಲಾಳ ಯಜಮಾನರು ಅರವಿಂದ ಅವರೇ, ಮಗಳು ಪುಟ್ಟಿ ಸ್ಮೃತಿ, ಧಾರವಾಡದಿಂದ ಬಂದಿರುವ ವತ್ಸಲಾ ಅವರ ತಾಯಿ ಗಿರಿಜಮ್ಮನವರೇ, ಆಮರ್ಸ್‌ಫೋರ್ಟ್, ಐಂಡ್‌ಹೋವನ್‌ನಂಥ ಇಲ್ಲಿನ ಊರುಗಳಿಂದ ರೈಲು ಹಿಡಿದು ಬಂದಿರುವ ಬಂಧುಗಳೇ — ನಾನು ಕೇಶವ. ಹಾರ್ಲೆಮ್‌ನ ನಮ್ಮ ಅನಿಮೇಷನ್ ಕಚೇರಿಯಲ್ಲಿ ವತ್ಸಲಾಳ ಪಕ್ಕದ ಮೇಜಿನವನು. ಹೋದ ವಾರ ಆಕೆ ನಮ್ಮನ್ನು ಬಿಟ್ಟು ಹೋದಳು. ಸಮಾಧಾನದ ನಾಲ್ಕು ಮಾತು ಹೇಳಪ್ಪಾ ಅಂತ ಹಿರಿಯರು ಅಂದರು. ಕ್ಷಮಿಸಿ, ನನ್ನ ಹತ್ತಿರ ಸಮಾಧಾನ ಇಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಯುಗಾದಿಗೆ, ದೀಪಾವಳಿಗೆ ಸೇರಿದಾಗೆಲ್ಲ ನೀವು ಕೇಳುತ್ತಿದ್ದಿರಿ: "ವತ್ಸಲಾ, ನೀವು ಕಾರ್ಟೂನ್ ಮಾಡ್ತೀರಂತೆ?" ಆಕೆ ನಗುತ್ತಿದ್ದಳು. ಆಕೆಯ ಕೆಲಸ ಏನೆಂದು ನಾನು ತೋರಿಸುತ್ತೇನೆ. ನೋಡಿ, ನನ್ನ ಈ ಕೈ ಇಲ್ಲಿ ಕೆಳಗಿದೆ — ಮೇಲೆ ಇಲ್ಲಿಗೆ ಬರಬೇಕು. ಇಂಥ ಒಂದೊಂದು ಚಲನೆಯ ಮೊದಲ ಚಿತ್ರ ಜಪಾನಿನವರು ಬಿಡಿಸಿ ಕಳಿಸುತ್ತಿದ್ದರು. ಕೊನೆಯ ಚಿತ್ರವೂ ಅವರದೇ. ನಡುವೆ ಇದೆಯಲ್ಲ — ಹೀಗೆ, ಹೀಗೆ, ಹೀಗೆ — ಅದಷ್ಟೂ ವತ್ಸಲಾ. ಕೊನೆಯ ಚಿತ್ರ ಕೈಗೆ ಬಾರದೆ ನಾವು ಒಂದು ಗೆರೆಯನ್ನೂ ಎಳೆಯುವ ಹಾಗಿಲ್ಲ.

ಆ ಜಪಾನಿನವರೆಂದರೆ ಸ್ಟುಡಿಯೋ ಕಾವಾಬೆ. ೨೦೦೪ರಲ್ಲಿ ಟೋಕಿಯೊ ಹೊರವಲಯದ ಒಂದು ಲಾಂಡ್ರಿಯ ಮಹಡಿಯ ಮೇಲೆ ಕುನಿಮೊತೊ ಎಂಬ ನಿರ್ದೇಶಕರು ನಾಲ್ಕೈದು ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು. ಕೆಳಗಿನ ಆವಿಗೆ ಕಾಗದವೆಲ್ಲ ಸುಕ್ಕಾಗುತ್ತಿತ್ತಂತೆ. ಮೊದಲ ಸಿನಿಮಾ ಗೆದ್ದಿತು, ಕೆಲಸ ಮೈಮೇಲೆ ಬಂತು, ಒಂದು ಪಾಲು ನಮಗೂ ಬಂತು. ಎರಡನೆಯದು ಸೋತಿತು. ಮೂರನೆಯದರಲ್ಲಿ ಒಬ್ಬ ಹುಡುಗಿ, ಜ್ವರ ಬಂದ ತಮ್ಮನನ್ನು ದೋಣಿಯಲ್ಲಿ ಮಲಗಿಸಿಕೊಂಡು, ವೈದ್ಯರಿರುವ ಆಚೆ ದಡಕ್ಕೆ ಹುಟ್ಟು ಹಾಕುತ್ತಾಳೆ. ಆ ಹುಡುಗಿಯ ಕೈಗಳು ವತ್ಸಲಾಳ ಪಾಲಿಗೆ ಬಂದವು.

ಈ ಕುನಿಮೊತೊ ಅವರದು ಒಂದು ಪದ್ಧತಿ. ಕಥೆಯ ಕೊನೆ ಅವರು ಯಾರಿಗೂ ಹೇಳುವವರಲ್ಲ. ನಾವು ಶುರುವಿನಿಂದ ಬಿಡಿಸುತ್ತಾ ಹೋಗಬೇಕು, ಮುಂದೇನು ಅಂತ ಅವರು ಆಮೇಲೆ ಯೋಚಿಸುತ್ತಾ ಬರಬೇಕು. ಪಂಕ್ತಿಗೆ ಎಲೆ ಹಾಕಿದ ಮೇಲೆ ಪಾಯಸಕ್ಕೆ ಒಲೆ ಹಚ್ಚಿದ ಹಾಗೆ! ನಾನು ರೇಗುತ್ತಿದ್ದೆ. ವತ್ಸಲಾ ಮಾತ್ರ, "ಬರ್ತದ ಬಿಡೋ, ಮನಷ್ಯಾಗ ವಿಚಾರ ಮಾಡ್ಲಿಕ್ಕೆ ಟೈಮ್ ಬೇಕಲ್ಲ" ಅನ್ನುತ್ತಿದ್ದಳು.

೨೦೧೬ರಲ್ಲಿ ಕುನಿಮೊತೊ ಹೃದಯಾಘಾತದಿಂದ ತೀರಿಕೊಂಡರು. ಕೊನೆಯ ಭಾಗ ಅವರ ತಲೆಯಲ್ಲೇ ಉಳಿದು ಅವರೊಂದಿಗೇ ಹೋಯಿತು. ದೋಣಿ ಹೊಳೆಯ ನಡುವೆ ನಿಂತಿತು. ಸ್ಟುಡಿಯೋ ಹೇಗೋ ಎರಡು ವರ್ಷ ಏಗಿ ಬಾಗಿಲು ಹಾಕಿತು. ಉಳಿದ ನಾಲ್ವರು ಸ್ಕೈಪಿನಲ್ಲಿ ಬಂದು ನಮಗೆ ತಲೆಬಾಗಿದರು, ನಾವೂ ಬಾಗಿದೆವು — ಮೊದಲು ಯಾರು ಏಳಬೇಕೋ ತಿಳಿಯದೆ ಎರಡೂ ಕಡೆ ಹಾಗೇ ನಿಂತೆವು. ಆಮೇಲೆ ಅವರಲ್ಲೊಬ್ಬರು ಅವರ ಮರ್ಯಾದೆಯ ಮಾತಿನಲ್ಲಿ, "ವತ್ಸಲಾ ಸಾನ್, ಆ ಹುಡುಗಿಯನ್ನು ಹೆಚ್ಚು ಬಲ್ಲವರು ನೀವೇ. ಕೊನೆಯನ್ನು ನೀವೇ ಬಿಡಿಸಿ" ಎಂದರು. "ಅದು ನಂದಲ್ಲ" ಎಂದು ಈಕೆ ಒಪ್ಪಲಿಲ್ಲ.

ಈ ವರ್ಷದ ಆರಂಭದಲ್ಲಿ ಕಾಯಿಲೆ ಗೊತ್ತಾಯಿತು. ಹಬ್ಬಿಬಿಟ್ಟಿತ್ತು. — ಸ್ಮೃತಿ, ಮುಂದಿನದು ಹೇಳಲಾ ಪುಟ್ಟಿ? — ಹ್ಞೂಂ ಅನ್ನುತ್ತಿದ್ದಾಳೆ.

ಶಾಲೆ ಬಿಟ್ಟ ಮೇಲೆ ನಮ್ಮ ಕಚೇರಿಯಲ್ಲೇ ಬೆಳೆದ ಮಗು ಇದು. ಆ ದೋಣಿಯನ್ನು ನಮ್ಮಷ್ಟೇ ನೋಡಿದವಳು. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಮೇಲೆ ಕಾಗದ, ಪೆನ್ಸಿಲ್ ತಂದಿಟ್ಟಳು. "ಮಮ್ಮಾ, ಬೋಟ್ ದಡಕ್ಕೆ ಬರೋದು ನೀನೇ ಡ್ರಾ ಮಾಡು. ಪ್ಲೀಸ್. ಅದು ರೀಚ್ ಆದ್ರೆ ನೀನೂ ಮನೆಗೆ ಬರ್ತೀಯ." ಅರವಿಂದ ಎದ್ದು ಹೊರಗೆ ಹೋದರು. ವತ್ಸಲಾ ಹೂಂ ಅಂದಳು.

ಮುಂದಿನ ವಾರ ನಾನು ಹೋದಾಗ ಕಾಗದ ಖಾಲಿಯೇ ಇತ್ತು. "ಏನೇ ಇದು, ಕೈ ಆಡ್ತಿಲ್ವಾ?" ಅಂದೆ. "ಕೈ ಆಡ್ತದೋ ಕೇಶವಾ. ಹೊಳಿ ದಂಡಿ ತಗೀಲಿಕ್ಕೆ ಪೆನ್ಸಿಲ್ ಹಿಡದು ಕುಂತೆ, ಆಗ್ಲಿಲ್ಲ. ನಾ ಮನೀಗೆ ಹೋಗೂದಿಲ್ಲ ಅಂತ ನನಗ ಗೊತ್ತದ. ಮಗಳಿಗೆ ಸುಳ್ಳು ಹೆಂಗ ತೋರಸ್ಲಿ?"

ನೀನು ಮಾಡಿದ್ದೇ ಸರಿ ಅಂದೆ ನಾನು. ಸುಳ್ಳು ಗೆರೆ ಎಳೆದ ಕೈಯಲ್ಲ ಅದು — ಹೆಮ್ಮೆಯಿಂದಲೇ ಅಂದೆ. ಇಲ್ಲಿಗೆ ಬರುವಾಗಲೂ ಅದನ್ನೇ ಹೇಳಿ ಮಾತು ಮುಗಿಸೋಣ ಅಂದುಕೊಂಡಿದ್ದೆ.

ಆದರೆ ಇವತ್ತು ಬೆಳಿಗ್ಗೆ ವತ್ಸಲಾಳ ಅಡುಗೆಮನೆಯಲ್ಲಿ ಸ್ಮೃತಿ ಕೇಳಿದಳು: "ಅಂಕಲ್, ಅಮ್ಮ ಯಾಕೆ ಡ್ರಾ ಮಾಡ್ಲಿಲ್ಲ?" ನಿನಗೆ ಸುಳ್ಳು ಹೇಳಬಾರದು ಅಂತ ಕಣಮ್ಮಾ, ಅಂದೆ. ಮಗು ನನ್ನ ಮುಖ ನೋಡಿ ಅಂದಿತು —

"ಸುಳ್ಳು ಅಂತ ನಂಗೂ ಗೊತ್ತಿತ್ತು ಅಂಕಲ್. ಆದ್ರೂ ಬೇಕಿತ್ತು."

ಅಲ್ಲ, ಯಾರನ್ನು ಬೈಯಲಿ ನಾನು? ಸತ್ತ ನಿರ್ದೇಶಕರನ್ನೋ? ಸತ್ತ ಗೆಳತಿಯನ್ನೋ? ಈಗ ಬಿಡಿಸಿಕೊಡಲು ಯಾರೂ ಇಲ್ಲ. ನಾನು ಬಿಡಿಸಬಹುದು, ಆದರೆ ಅವಳಿಗೆ ಬೇಕಾದ ಕೈ ನನ್ನದಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ, ಎರಡು ನಿಮಿಷ ಅಂತ ನಾನು ಗಡಿಯಾರ ನೋಡುವುದಿಲ್ಲ. ಸ್ಮೃತಿ ಕೂರುವವರೆಗೆ ನಾವೂ ಮಾತಿಲ್ಲದೆ ನಿಂತಿರೋಣ.